ಗರಡಿಯ ಮಣ್ಣು ಮತ್ತು ಕಾಲೇಜಿನ ಕ್ರೀಡಾನಿಧಿ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಕಟ್ಟಡಗಳ ಶಂಕುಸ್ಥಾಪನೆಯನ್ನೂ, ಅಧ್ಯಾಪಕರ ಪಾಂಡಿತ್ಯವನ್ನೂ, ಪರೀಕ್ಷೆಗಳ ಫಲಿತಾಂಶವನ್ನೂ ಸವಿಸ್ತಾರವಾಗಿ ವರ್ಣಿಸುವುದುಂಟು. ಆಟದ ಬಯಲಿನ ವಿಚಾರ ಬಂದಾಗಲಾದರೋ, ಗೆದ್ದ ಪದಕಗಳ ಪಟ್ಟಿಯೊಂದನ್ನು ಕೊಟ್ಟು ಮುಂದೆ ಸಾಗುತ್ತಾರೆ. ಪದಕ ಗೆದ್ದ ಹುಡುಗನು ಅಂದು ಬೆಳಗ್ಗೆ ಏನನ್ನು ಉಂಡಿದ್ದನು, ಅವನಿಗೆ ಪಟ್ಟುಗಳನ್ನು ಕಲಿಸಿದವರು ಯಾರು, ಕಲಿಸಿದವರ ಜೀವನಕ್ಕೆ ಆಧಾರವೇನು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಅಂಗಸಾಧನೆಯ ಚರಿತ್ರೆಯು ಬಹುಮಟ್ಟಿಗೆ ಅದರ ವೆಚ್ಚವನ್ನು ಹೊತ್ತವರ ಚರಿತ್ರೆಯೇ ಆಗಿರುವುದರಿಂದ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಕಪಿಲಾನದಿಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ಸುತ್ತೂರಿನ ದಡವನ್ನು ತೊಳೆದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದೀತೀರದ ನಾಡು ಮೈಸೂರು ರಾಜಧಾನಿಗೆ ಅತಿ ಸಮೀಪದಲ್ಲಿದ್ದುದರಿಂದ ರಾಜಧಾನಿಯ ಮಲ್ಲವಿದ್ಯೆಯ ಗಾಳಿಯು ಇಲ್ಲಿಯೂ ಬೀಸುತ್ತಿದ್ದುದು ಸಹಜ. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಗರಡಿಯೆಂಬುದು ದೇವಸ್ಥಾನ, ಚಾವಡಿಗಳಂತೆಯೇ ಊರಿಗೆ ಸೇರಿದ ಒಂದು ಸ್ಥಾನವಾಗಿದ್ದಿತು. ತಲೆಬಾಗಿ ಒಳಹೊಗಬೇಕಾದ ಕಿರುಬಾಗಿಲು, ಮಂದವಾದ ಬೆಳಕು, ಗೋಡೆಯ ಗೂಡಿನಲ್ಲಿ ಆಂಜನೇಯ, ನಡುವೆ ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ: ಇಷ್ಟೇ ಅದರ ಸಂಪತ್ತು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರಾದಿಗಳನ್ನು ಬೆರಸಿ, ಕಲ್ಲುಹರಳುಗಳನ್ನು ಆರಿಸಿ, ಅಗೆದಗೆದು ಹದಮಾಡುತ್ತಿದ್ದರು. ದಂಡ, ಬಸ್ಕಿ, ಗದೆ, ಮಲ್ಲಕಂಬಗಳ ಸಾಧನೆಯು ಮುಗಿದ ಮೇಲೆ ಹುಡುಗರು ಮಟ್ಟಿಗೆ ಇಳಿಯುತ್ತಿದ್ದರು.

ಗರಡಿಯ ಖರ್ಚುವೆಚ್ಚಗಳಿಗೆ ಬರೆದಿಟ್ಟ ಆಯವ್ಯಯ ಪತ್ರವಿರಲಿಲ್ಲವಾದರೂ ಒಂದು ಕ್ರಮವಿದ್ದಿತು. ಅದನ್ನು ಮೂರು ಭಾಗಗಳಾಗಿ ವಿಂಗಡಿಸಬಹುದು: ಅಂಗಳ, ಆಚಾರ್ಯ, ಅನ್ನ. ಅಂಗಳವನ್ನು ಊರು ಒದಗಿಸುತ್ತಿದ್ದಿತು. ಮಣ್ಣು ಹದಗೊಳಿಸುವ ಶ್ರಮವು ಸಾಧಕರದೇ ಆಗಿದ್ದಿತು. ಆಚಾರ್ಯನಾದ ವಸ್ತಾದಿಯು ಬಹುತರವಾಗಿ ತನ್ನ ಕಸುಬಿನಿಂದ ಬದುಕಿ, ಶಿಷ್ಯರು ಹಬ್ಬಹರಿದಿನಗಳಲ್ಲಿ ಸಲ್ಲಿಸಿದ ಕಾಣಿಕೆಯನ್ನು ಸ್ವೀಕರಿಸುತ್ತಿದ್ದನು. ಅನ್ನವು ಮನೆಯಿಂದ ಬರುತ್ತಿದ್ದಿತು. ಹಾಲು, ತುಪ್ಪ, ಬಾದಾಮಿಗಳನ್ನು ಒದಗಿಸುವ ಶಕ್ತಿ ಮನೆಗೆ ಇಲ್ಲದಿದ್ದರೆ, ಆ ಹುಡುಗನ ಕಸುವನ್ನು ಕಂಡ ಸ್ಥಿತಿವಂತರು ಯಾರಾದರೂ ಆ ಭಾರವನ್ನು ವಹಿಸಿಕೊಳ್ಳಬೇಕಾಗಿದ್ದಿತು. ಜಾತ್ರೆಯ ಕುಸ್ತಿಯಲ್ಲಿ ದೊರೆಯುವ ಪೇಟ, ಬೆಳ್ಳಿಯ ಗದೆ, ಹಣದ ಗಂಟುಗಳು ಸಾಧನೆಯ ಫಲವಾಗಿದ್ದವೇ ಹೊರತು ಸಾಧನೆಗೆ ಬಂಡವಾಳವಾಗಿರಲಿಲ್ಲ.

ಮಲ್ಲರ ಅನ್ನದ ವಿಚಾರವನ್ನು ರಾಜರು ಗಂಭೀರವಾಗಿಯೇ ಎಣಿಸಿದ್ದರೆಂಬುದಕ್ಕೆ ಪ್ರಾಚೀನ ಪ್ರಮಾಣವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳಿಕೆ ೧೧೨೬–೧೧೩೮) ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವುಂಟು. ಅಲ್ಲಿ ಮಲ್ಲರನ್ನು ವಯಸ್ಸು, ಶಕ್ತಿಗಳಿಗೆ ಅನುಸಾರವಾಗಿ ವರ್ಗೀಕರಿಸಿ, ಅವರ ಅಭ್ಯಾಸಕ್ರಮದೊಡನೆ ಆಹಾರವನ್ನೂ ವಿಧಿಸಲಾಗಿದೆ. ವ್ಯಾಯಾಮವನ್ನು ಹೇಳಿದ ಗ್ರಂಥವು ಊಟವನ್ನು ಹೇಳದೆ ಬಿಡಲಿಲ್ಲವೆಂಬುದು ಗಮನಾರ್ಹ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯೆಸನು ಮಹಾನವಮಿಯ ಮಲ್ಲಯುದ್ಧಗಳನ್ನು ವರ್ಣಿಸುತ್ತ, ಸಮಬಲರನ್ನು ಹೊಂದಿಸಿ ಗೆದ್ದವರಿಗೆ ಮರ್ಯಾದೆಯನ್ನು ನಿರ್ಣಯಿಸುವ ತೀರ್ಪುಗಾರರಿದ್ದರೆಂದು ತಿಳಿಸಿದ್ದಾನೆ. ಇಂದಿಗೂ ಕುಸ್ತಿಗೆ ಮೊದಲು ನಡೆಯುವ ಜೋಡಿ ಕಟ್ಟುವ ಪದ್ಧತಿಯು ಅಷ್ಟು ಹಳೆಯದು.

೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಮಹೋತ್ಸವವನ್ನು ಪ್ರಾರಂಭಿಸಿದ ಮೇಲೆ ಈ ಪರಂಪರೆಯು ಮೈಸೂರಿಗೆ ಇಳಿದುಬಂದಿತು. ರಣಧೀರ ಕಂಠೀರವ ನರಸರಾಜ ಒಡೆಯರು (ಆಳಿಕೆ ೧೬೩೮–೧೬೫೯) ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯವು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ವಿಜಯದಶಮಿಯ ದಿವಸ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಈಗಲೂ ನಡೆಯುತ್ತದೆ. ಅರಸರೇ ಮಲ್ಲವಿದ್ಯೆಯ ಅಭಿಮಾನಿಗಳಾಗಿದ್ದುದರಿಂದ ಜಟ್ಟಿಮನೆತನಗಳಿಗೂ ನಗರದ ಗರಡಿಗಳಿಗೂ ಅರಮನೆಯ ಆಶ್ರಯವು ಲಭಿಸಿದ್ದಿತು.

ಆದರೆ ಒಬ್ಬನೇ ದಾತನ ಮೇಲೆ ನಿಂತ ವಿದ್ಯೆಯ ಗತಿ ಏನೆಂಬುದಕ್ಕೂ ಮೈಸೂರೇ ನಿದರ್ಶನವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರೋತ್ಸಾಹದಿಂದ ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆಯು ಏರ್ಪಟ್ಟಿತು. ಆಚಾರ್ಯರ ಯೋಗಮಕರಂದವು ೧೯೩೪ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅದೇ ವರ್ಷ ಮೈಸೂರಿಗೆ ಬಂದ ಬಾಲಕನೊಬ್ಬನು ಆ ಆಚಾರ್ಯರಿಂದ ಕಲಿತು, ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಜಗತ್ಪ್ರಸಿದ್ಧನಾದನು. ಇಷ್ಟು ಕೀರ್ತಿಗೆ ಕಾರಣವಾದ ಆ ಶಾಲೆಯು ೧೯೫೦ರಲ್ಲಿ ಮುಚ್ಚಿಹೋಯಿತು. ೧೯೪೦ರಲ್ಲಿ ಮಹಾರಾಜರು ಕಾಲವಾದರು. ೧೯೪೭ರಲ್ಲಿ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವು ಬಂದಿತು. ಅರಮನೆಯ ದ್ರವ್ಯವು ಒದಗದೆ ಹೋದಾಗ ಆಚಾರ್ಯರ ವಿದ್ವತ್ತಾಗಲಿ ಶಿಷ್ಯರ ಶ್ರದ್ಧೆಯಾಗಲಿ ಅದನ್ನು ಉಳಿಸಲಾರದಾಯಿತು. ೧೯೭೧ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ರದ್ದಾಯಿತು. ಗರಡಿಗಳಾದರೋ ಪೂರ್ತಿಯಾಗಿ ಅರಮನೆಯನ್ನು ನೆಮ್ಮಿರದೆ ಊರಿನ ಜನರ ಅಭಿಮಾನವನ್ನೂ ನೆಮ್ಮಿದ್ದುದರಿಂದ, ಬಡವಾದರೂ ಕೆಲವು ಉಳಿದುಕೊಂಡವು.

ಈ ನಡುವೆ ಮತ್ತೊಂದು ವ್ಯವಸ್ಥೆಯು ತಲೆಯೆತ್ತಿದ್ದಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಆಧಾರಸ್ತಂಭಗಳಾಗಿದ್ದವು. ೧೯೨೦ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಎಂಬವರು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ, ವ್ಯಾಯಾಮ ಬೋಧನೆಯು ದಕ್ಷಿಣದೇಶದಲ್ಲಿ ಸಂಬಳವುಳ್ಳ ಒಂದು ವೃತ್ತಿಯಾಗಿ ರೂಪುಗೊಂಡಿತು. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ರಾಧಾಕೃಷ್ಣನ್‌ರವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು (೧೯೪೮–೪೯), ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ವರ್ಷ ವ್ಯಾಯಾಮ ಶಿಕ್ಷಣವು ಇರಬೇಕೆಂದು ಸಲಹೆ ಮಾಡಿತು. ಕಾಲಕ್ರಮದಲ್ಲಿ ನಂಜನಗೂಡು, ನರಸೀಪುರಗಳಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಲೇಜುಗಳು ಹುಟ್ಟಿದವು. ಪ್ರವೇಶದ ಕಾಲದಲ್ಲಿ ಬೋಧನಾಶುಲ್ಕ, ಗ್ರಂಥಾಲಯ ಶುಲ್ಕಗಳೊಡನೆ ಕ್ರೀಡಾಶುಲ್ಕವನ್ನೂ ಪಡೆದು, ಅದರಲ್ಲಿ ಒಂದಂಶವನ್ನು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿ, ಉಳಿದುದರಿಂದ ಕ್ರೀಡಾನಿಧಿಯನ್ನು ನಡೆಸುವುದು ಕಾಲೇಜುಗಳ ರೂಢಿಯಾಯಿತು.

ಈ ನಿಧಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಗರಡಿಯ ಕಿರುಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಪೋಷಕರ ಕೃಪೆಯು ಎಲ್ಲ ಕುಲದ, ಎಲ್ಲ ಕೇರಿಯ ಹುಡುಗರಿಗೂ ಸಮನಾಗಿ ದೊರೆಯುತ್ತಿದ್ದಿತೆಂದು ಹೇಳುವಂತಿಲ್ಲ. ಕ್ರೀಡಾನಿಧಿಯಾದರೋ ಎಲ್ಲರಿಂದ ಬಂದು ಎಲ್ಲರಿಗೂ ಸೇರಿದ ಹಣ. ಅಲ್ಲಿ ಹಕ್ಕುಂಟು, ಯಾಚನೆಯಿಲ್ಲ. ಹಳ್ಳಿಯ ಹೆಣ್ಣುಮಗಳೊಬ್ಬಳು ಕಾಲೇಜಿನ ಹೆಸರಿನಲ್ಲಿ ಖೋ ಖೋ ಅಥವಾ ಕಬಡ್ಡಿ ಆಡಲು ಮೈಸೂರಿಗೆ ಹೋಗಿಬರುವುದು ಈ ವ್ಯವಸ್ಥೆಯಿಂದ ಸಾಧ್ಯವಾದ ದೊಡ್ಡ ಲಾಭವೇ ಸರಿ. ಅದನ್ನು ಮರೆತು ಹಿಂದಿನ ಕಾಲವನ್ನು ಮಾತ್ರ ಕೊಂಡಾಡುವುದು ಚರಿತ್ರೆಯಾಗುವುದಿಲ್ಲ.

ಇನ್ನು ಅದರ ಕೊರತೆ. ನಿಧಿಯು ವಿದ್ಯಾರ್ಥಿಗಳ ಸಂಖ್ಯೆಯನ್ನು ಅನುಸರಿಸಿ ಬೆಳೆಯುತ್ತದೆ. ವೆಚ್ಚವು ಹಾಗೆ ಕುಗ್ಗುವುದಿಲ್ಲ. ಕಬಡ್ಡಿ ತಂಡಕ್ಕೆ ಬೇಕಾದ ಹನ್ನೆರಡು ಮಂದಿ ದೊಡ್ಡ ಕಾಲೇಜಿಗೂ ಹನ್ನೆರಡೇ, ಸಣ್ಣ ಕಾಲೇಜಿಗೂ ಹನ್ನೆರಡೇ. ದೃಷ್ಟಾಂತಕ್ಕಾಗಿ ೪೦೦ ವಿದ್ಯಾರ್ಥಿಗಳುಳ್ಳ ಒಂದು ಕಾಲೇಜನ್ನು ಕಲ್ಪಿಸಿಕೊಂಡು, ತಲೆಗೆ ೧೦೦ ರೂಪಾಯಿ ಅದರ ಕೈಯಲ್ಲಿ ಉಳಿಯುವುದೆಂದು ಎಣಿಸಿದರೆ ವರ್ಷಕ್ಕೆ ೪೦,೦೦೦ ರೂಪಾಯಿ ಆಗುತ್ತದೆ. ಇದರಲ್ಲಿ ಚೆಂಡು, ಬಲೆ, ಅಂಗಿಚಡ್ಡಿ, ಬಸ್ಸಿನ ಬಾಡಿಗೆ, ಪಂದ್ಯದ ದಿನದ ಊಟ, ವಾರ್ಷಿಕೋತ್ಸವದ ಬಹುಮಾನ ಇಷ್ಟೂ ನಡೆಯಬೇಕು. ಹನ್ನೆರಡು ಮಂದಿ ಆಟಗಾರರಿಗೆ ದಿನಕ್ಕೆ ಅರ್ಧ ಲೀಟರಿನಂತೆ ೨೦೦ ದಿನ ಹಾಲು ಕೊಡಬೇಕಾದರೆ ೧,೨೦೦ ಲೀಟರು ಬೇಕು. ಲೀಟರಿಗೆ ೪೫ ರೂಪಾಯಿ ಎಂದು ಹಿಡಿದರೂ ೫೪,೦೦೦ ರೂಪಾಯಿ. ಇಡೀ ಕಾಲೇಜಿನ ಕ್ರೀಡಾನಿಧಿಯು ಒಂದೇ ಒಂದು ತಂಡದ ಹಾಲಿಗೂ ಸಾಲದೆಂದಾಯಿತು.

ಆದುದರಿಂದ ನಿಧಿಯು ತನಗೆ ಸಾಧ್ಯವಾದುದನ್ನು ಮಾತ್ರ ಮಾಡುತ್ತದೆ: ಪಂದ್ಯಕ್ಕೆ ಕಳುಹಿಸುತ್ತದೆ, ಪಂದ್ಯಕ್ಕೆ ಸಿದ್ಧಗೊಳಿಸುವುದಿಲ್ಲ. ವರ್ಷದಲ್ಲಿ ಕೆಲವು ದಿನಗಳ ಪ್ರಯಾಣಕ್ಕೆ ಹಣವುಂಟು. ಉಳಿದ ದಿನಗಳ ಸಾಧನೆಗೆ ಇಲ್ಲ. ಆಚಾರ್ಯನ ವಿಷಯವೂ ಹೀಗೆಯೇ. ದೈಹಿಕ ಶಿಕ್ಷಣ ನಿರ್ದೇಶಕರ ವೇತನವನ್ನು ಈ ನಿಧಿಯು ಹೊರಲಾರದು. ಅನುದಾನವುಳ್ಳ ಕಾಲೇಜಿನಲ್ಲಿ ಅದು ಸರ್ಕಾರದಿಂದ ಬರುತ್ತದೆ. ಹುದ್ದೆ ತೆರವಾಗಿ ಭರ್ತಿಯಾಗದೆ ಉಳಿದರೆ ಮೈದಾನವು ಅನಾಥವಾಗುತ್ತದೆ. ಮೇಲಾಗಿ ತಾಲ್ಲೂಕಿನ ಕಾಲೇಜಿಗೆ ಬರುವ ಮಕ್ಕಳಲ್ಲಿ ಅನೇಕರು ಸುತ್ತಲಿನ ಹಳ್ಳಿಗಳವರು. ಸಂಜೆಯ ಅಭ್ಯಾಸಕ್ಕೆ ನಿಂತರೆ ಬಸ್ಸು ತಪ್ಪುತ್ತದೆ. ಬೆಳಗಿನ ಅಭ್ಯಾಸಕ್ಕೆ ಬಂದರೆ ಬರಿಹೊಟ್ಟೆಯಲ್ಲಿ ಓಡಬೇಕಾಗುತ್ತದೆ. ನದೀತೀರದ ಕಬ್ಬು, ಭತ್ತದ ಗದ್ದೆಗಳಲ್ಲಿ ದುಡಿದು ಗಟ್ಟಿಮುಟ್ಟಾದ ಮೈಯುಳ್ಳ ಹುಡುಗನು ಎರಡನೆಯ ವರ್ಷಕ್ಕೆ ಆಟವನ್ನು ಬಿಟ್ಟುಬಿಟ್ಟರೆ ಅದು ಅವನ ಆಲಸ್ಯವೆಂದು ಬಗೆಯುವುದು ಅನ್ಯಾಯ.

ಓದಿನ ವಿಷಯದಲ್ಲಿ ಇಂಥದೇ ಸಂಕಟವು ಈ ನಾಡಿಗೆ ಹಿಂದೊಮ್ಮೆ ಒದಗಿದ್ದಿತು. ಊರಿನಲ್ಲಿ ಕಾಲೇಜಿಲ್ಲದ ಕಾಲದಲ್ಲಿ ನಂಜನಗೂಡು, ನರಸೀಪುರಗಳ ಬಡಹುಡುಗರು ಮೈಸೂರಿಗೆ ಹೋಗಬೇಕಾಗಿದ್ದಿತು. ಶುಲ್ಕಕ್ಕಿಂತ ಊಟವಸತಿಗಳೇ ಅವರಿಗೆ ದೊಡ್ಡ ತಡೆಯಾಗಿದ್ದವು. ಸುತ್ತೂರು ಮಠದ ಜಗದ್ಗುರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೪೧ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ಮೊದಲು ತೆರೆದು, ವಿದ್ಯಾಪೀಠವನ್ನು ಅನಂತರ ೧೯೫೪ರಲ್ಲಿ ಸ್ಥಾಪಿಸಿದರು. ಅನ್ನವು ಮುಂದೆ, ಶಾಲೆ ಹಿಂದೆ ಎಂಬ ಈ ಅನುಕ್ರಮವು ವಿಚಾರಾರ್ಹವಾದುದು. ಪುಷ್ಯಮಾಸದ ಸುತ್ತೂರು ಜಾತ್ರೆಯಲ್ಲಿ ರಥೋತ್ಸವ, ದನಗಳ ಪರಿಷೆಗಳೊಡನೆ ಕುಸ್ತಿ ಪಂದ್ಯಗಳೂ ದೇಶೀಯ ಆಟಗಳೂ ಇಂದಿಗೂ ನಡೆಯುತ್ತವೆ. ನೆರೆದ ಸಹಸ್ರಾರು ಜನರಿಗೆ ದಾಸೋಹವೂ ನಡೆಯುತ್ತದೆ. ಅಖಾಡವೂ ಪಂಕ್ತಿಯೂ ಒಂದೇ ಬಯಲಿನಲ್ಲಿರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ವರ್ಷದಲ್ಲಿ ಆರು ದಿನ ಕೂಡಿರುವ ಇವೆರಡನ್ನು ಉಳಿದ ದಿನಗಳಲ್ಲಿಯೂ ಕೂಡಿಸುವುದು ಹೇಗೆಂಬುದೇ ಸಣ್ಣ ಕಾಲೇಜಿನ ಮುಂದಿರುವ ಪ್ರಶ್ನೆ.

ಇದಕ್ಕೆ ದ್ರವ್ಯಮೂಲಗಳು ಇಲ್ಲದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ (೧೯೫೬) ೧೨(ಬಿ) ಮಾನ್ಯತೆಯನ್ನು ಪಡೆದ ಕಾಲೇಜುಗಳು ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಕಟ್ಟಡ, ಉಪಕರಣಗಳಿಗೆ ನೆರವು ಪಡೆದುದುಂಟು. ೨೦೧೭ರಲ್ಲಿ ಹನ್ನೆರಡನೆಯ ಯೋಜನೆಯೊಡನೆ ಆ ಕಾಲವು ಮುಗಿಯಿತು. ೨೦೧೩ರ ಕಂಪನಿ ಕಾಯಿದೆಯು, ನಿಯಮಿತ ಪ್ರಮಾಣವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಹಿತಕ್ಕೆ ವ್ಯಯಿಸಬೇಕೆಂದು ವಿಧಿಸಿದೆ. ಆ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯೂ ಸೇರಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಹೊಗೆಕೊಳವೆಗಳು ಕಾಣುವಷ್ಟು ಸಮೀಪದಲ್ಲಿರುವ ಕಾಲೇಜಿಗೆ ಇದು ದೂರದ ಮಾತಲ್ಲ. ಆದರೆ ಜಗನ್ಮೋಹನ ಅರಮನೆಯ ಯೋಗಶಾಲೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಒಬ್ಬ ದಾತನ ಹಣದಿಂದ ಅಂಗಳವನ್ನು ಕಟ್ಟಬಹುದು. ಪ್ರತಿದಿನದ ಅನ್ನವನ್ನು ಅದರ ಮೇಲೆಯೇ ನಿಲ್ಲಿಸುವುದು ಕ್ಷೇಮವಲ್ಲ.

ಆ ಅನ್ನಕ್ಕೆ ಗರಡಿಯ ಮಾರ್ಗವೇ ಯೋಗ್ಯವೆಂದು ತೋರುತ್ತದೆ. ಕಾಲೇಜಿನ ಲೆಕ್ಕದಲ್ಲಿ ಅಂಗಳ, ಆಚಾರ್ಯ, ಅನ್ನ ಎಂಬ ಮೂರು ಬಾಬುಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟು, ಮೂರನೆಯದಕ್ಕೆ ಊರವರನ್ನೇ ಕೇಳಬೇಕು. ನಾಲ್ಕು ಹಸು ಕಟ್ಟಿದವನು ದಿನಕ್ಕೆ ಎರಡು ಲೀಟರು ಹಾಲು ಕೊಟ್ಟರೆ ನಾಲ್ವರು ಆಟಗಾರರಿಗೆ ಸಾಕು. ಬೆಲ್ಲದ ಆಲೆಮನೆಯವನು ವರ್ಷಕ್ಕೊಂದು ಹೊರೆ ಬೆಲ್ಲ ಕೊಡಬಲ್ಲನು. ಹಿಂದೆ ಆಡಿ ಹೋದ ವಿದ್ಯಾರ್ಥಿಯು ಒಬ್ಬ ಹುಡುಗನ ಅಥವಾ ಹುಡುಗಿಯ ಒಂದು ವರ್ಷದ ಉಪಾಹಾರವನ್ನು ವಹಿಸಿಕೊಳ್ಳಬಲ್ಲನು. ಪೂರ್ವದ ಪೋಷಕರು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದರು. ಈಗ ಕೊಡುವವರು ನಿಧಿಗೆ ಕೊಡಬೇಕು, ಆರಿಸುವುದು ಮೈದಾನದ ಸಾಧನೆಯನ್ನು ನೋಡಿ ಕಾಲೇಜು ಮಾಡಬೇಕು, ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಟ್ಟವರ ಮುಂದೆ ಓದಬೇಕು. ಹೀಗೆ ಮಾಡಿದಲ್ಲಿ ಗರಡಿಯ ಆತ್ಮೀಯತೆಯೂ ಕ್ರೀಡಾನಿಧಿಯ ಸಮಾನತೆಯೂ ಒಂದೆಡೆ ಸೇರುತ್ತವೆ. ಬಸ್ಸು ತಪ್ಪಿದ ಹುಡುಗನಿಗೆ ಊಟವೂ ಮಲಗಲು ಒಂದು ಮೂಲೆಯೂ ದೊರೆತು, ಮರುದಿನ ಬೆಳಗ್ಗೆ ಅವನು ಮೈದಾನದಲ್ಲಿರುತ್ತಾನೆ.