ಶಬ್ದತರಂಗಗಳಿಂದ ಜೀವಕೋಶಗಳ ಶೋಧನೆ

ಕಣದಲ್ಲಿ ತೂರುವುದು, ಮೊರದಲ್ಲಿ ಕೇರುವುದು, ನೀರಿನಲ್ಲಿ ಜಾಲಿಸುವುದು, ಬಟ್ಟೆಯಲ್ಲಿ ಸೋಸುವುದು, ಹೀಗೆ ಬೆರೆತುದನ್ನು ಬೇರ್ಪಡಿಸುವ ಕ್ರಮಗಳಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಪ್ರತಿಯೊಂದು ಕ್ರಮವೂ ವಸ್ತುವಿನ ಒಂದೊಂದು ಗುಣವನ್ನು ಹಿಡಿದು ನಡೆಯುತ್ತದೆ. ತೂರುವಲ್ಲಿ ಹಗುರತನ, ಸೋಸುವಲ್ಲಿ ಗಾತ್ರ. ಜೀವಕೋಶಗಳನ್ನೇ ಔಷಧವಾಗಿ ರೋಗಿಯ ದೇಹಕ್ಕೆ ಸೇರಿಸುವ ಚಿಕಿತ್ಸೆಗಳು ಬಳಕೆಗೆ ಬಂದಮೇಲೆ, ಅವುಗಳನ್ನು ಶಬ್ದದಿಂದ ಬೇರ್ಪಡಿಸಿ ತೊಳೆಯುವ ಕ್ರಮವೊಂದು ಈ ಸಾಲಿಗೆ ಸೇರಿದೆ. ಇದರ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಜೀವಕೋಶಗಳ ವಿಷಯದಲ್ಲಿ ಶಬ್ದವು ಮೊದಲು ಖ್ಯಾತಿಗೆ ಬಂದುದು ಘಾತಕವೆಂದು. ಅದು ಪರಿಚಾರಕವಾದುದು ಬಹಳ ತಡವಾಗಿ.

ಶಬ್ದವು ಕಣಗಳನ್ನು ಒಂದೆಡೆ ಕೂಡಿಸಬಲ್ಲುದೆಂಬುದು ಹಳೆಯ ತಿಳಿವಳಿಕೆಯೇ. 1866ರಲ್ಲಿ ಜರ್ಮನ್ ವಿಜ್ಞಾನಿ ಆಗಸ್ಟ್ ಕುಂಟನು ಗಾಜಿನ ಕೊಳವೆಯೊಳಗೆ ನುಣುಪಾದ ಪುಡಿಯನ್ನು ಹರಡಿ ನಾದವನ್ನು ಹುಟ್ಟಿಸಲು, ಪುಡಿಯು ಸಮಾನ ದೂರಗಳಲ್ಲಿ ಗುಂಪುಗೂಡಿತು. ಎದುರುಬದುರಾಗಿ ಚಲಿಸುವ ಎರಡು ತರಂಗಗಳು ಕೂಡಿ ನಿಂತಲ್ಲೇ ನಿಲ್ಲುವುದಕ್ಕೆ ಸ್ಥಾಯೀ ತರಂಗವೆಂದು ಹೆಸರು. ಕುಂಟನು ಆ ಗುಂಪುಗಳ ನಡುವಣ ಅಂತರವನ್ನು ಅನಿಲಗಳಲ್ಲಿ ಶಬ್ದದ ವೇಗವನ್ನು ಅಳೆಯಲು ಉಪಯೋಗಿಸಿದನು. ಅವನ ಪ್ರಯೋಗದಲ್ಲಿ ಪುಡಿಯು ಬರಿಯ ಅಳತೆಗೋಲು. ಪುಡಿಯನ್ನೇ ಸಾಗಿಸುವುದು ಅವನ ಉದ್ದೇಶವಾಗಿರಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವನ್ ಎಂಬಾತನು ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಮಾಡಲು ಸ್ಫಟಿಕದ ಫಲಕಗಳಿಂದ ಶ್ರವಣಾತೀತ ಶಬ್ದವನ್ನು ಹೊರಡಿಸಿದನು. ಆ ಶಬ್ದದ ದಾರಿಗೆ ಬಂದ ಸಣ್ಣ ಮೀನುಗಳು ಸತ್ತುವು. ಇದನ್ನು ಕಂಡಿದ್ದ ಅಮೆರಿಕದ ರಾಬರ್ಟ್ ವುಡ್ಡನು ಲೂಮಿಸನೊಡನೆ ಸೇರಿ 1927ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೀನು ಕಪ್ಪೆಗಳ ಮರಣವೂ ಕೆಂಪು ರಕ್ತಕಣಗಳ ನಾಶವೂ ವರ್ಣಿತವಾಗಿವೆ. ಈ ಪ್ರಬಂಧದ ತರುವಾಯ ತೀವ್ರ ಶಬ್ದವೆಂದರೆ ಕೋಶಗಳನ್ನು ಒಡೆಯುವ ಸಾಧನವೆಂಬ ಭಾವನೆಯು ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ.

ಇತ್ತ ಗಣಿತಜ್ಞರು ತಮ್ಮ ಪಾಡಿಗೆ ಕೆಲಸಮಾಡುತ್ತಿದ್ದರು. 1934ರಲ್ಲಿ ಕೆನಡಾದ ಲೂಯಿ ಕಿಂಗನು ಕುಗ್ಗದ ಗೋಲಗಳ ಮೇಲೆ ಶಬ್ದವು ಹಾಕುವ ಒತ್ತಡವನ್ನು ಲೆಕ್ಕಹಾಕಿದನು. 1935ರಿಂದ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರೂ ನಾಗೇಂದ್ರನಾಥರೂ ಇಂತಹ ಶಬ್ದವು ದ್ರವದಲ್ಲಿ ಉಂಟುಮಾಡುವ ಸಾಂದ್ರ ವಿರಳ ಪದರಗಳಿಂದ ಬೆಳಕು ಚೆದರುವ ಬಗೆಯನ್ನು ವಿವರಿಸಿದರು. ಅವರ ಲಕ್ಷ್ಯವೆಲ್ಲ ಬೆಳಕಿನ ಮೇಲಿದ್ದರೂ, ಪ್ರಶಾಂತವಾಗಿ ಕಾಣುವ ದ್ರವದೊಳಗೆ ಶಬ್ದವು ಕಟ್ಟುವ ರಚನೆಗೆ ಅದಕ್ಕಿಂತ ಸೊಗಸಾದ ಸಾಕ್ಷ್ಯವಿಲ್ಲ. 1955ರಲ್ಲಿ ಜಪಾನಿನ ಯೋಸಿಯೋಕ ಮತ್ತು ಕವಸಿಮ ಎಂಬವರು ಕುಗ್ಗುವ ಗೋಲಗಳಿಗೂ ಲೆಕ್ಕವನ್ನು ವಿಸ್ತರಿಸಿದರು. 1962ರಲ್ಲಿ ರಷ್ಯದ ಗೋರ್ಕೋವನು ಅದನ್ನು ಸಂಕ್ಷಿಪ್ತ ಸೂತ್ರವೊಂದಕ್ಕೆ ಇಳಿಸಿದನು. ಕಣದ ಮೇಲಿನ ಬಲವು ಅದರ ಗಾತ್ರವನ್ನೂ ಸಾಂದ್ರತೆಯನ್ನೂ ಅದುಮಿದಾಗ ಕುಗ್ಗುವ ಗುಣವನ್ನೂ ಅವಲಂಬಿಸಿದೆ. ನೀರಿಗಿಂತ ಸಾಂದ್ರವೂ ಗಡುಸೂ ಆದ ರಕ್ತಕಣವು ಒತ್ತಡವು ಏರಿಳಿಯದ ನೆಲೆಗೆ ಸರಿಯುತ್ತದೆ. ಕೊಬ್ಬಿನ ಹನಿಯು ಒತ್ತಡವು ಅತ್ಯಧಿಕವಾಗಿ ಏರಿಳಿಯುವ ನೆಲೆಗೆ ಹೋಗುತ್ತದೆ. ಒಂದೇ ಶಬ್ದದಿಂದ ಎರಡೂ ಎರಡು ಕಡೆಗೆ ಸಾಗುವುವು.

ಸೂತ್ರವು ಸಿದ್ಧವಾಗಿದ್ದರೂ ವೈದ್ಯರ ಕಣ್ಣಿಗೆ ಇದು ಬಿದ್ದುದು ಅಪಾಯದ ರೂಪದಲ್ಲಿಯೇ. 1971ರಲ್ಲಿ ಲಂಡನ್ನಿನ ಮೇರಿ ಡೈಸನ್ ಮತ್ತು ಆಕೆಯ ಸಹೋದ್ಯೋಗಿಗಳು ಕೋಳಿಮರಿಯ ಭ್ರೂಣದ ರಕ್ತನಾಳಗಳಲ್ಲಿ ಶ್ರವಣಾತೀತ ಶಬ್ದದಿಂದ ರಕ್ತಕಣಗಳು ಅರ್ಧ ತರಂಗದ ಅಂತರದಲ್ಲಿ ಪಟ್ಟಿಪಟ್ಟಿಯಾಗಿ ನಿಂತುಹೋದುದನ್ನು ಕಂಡರು. ಚಿಕಿತ್ಸೆಗಾಗಿ ಶಬ್ದವನ್ನು ಬಳಸುವವರಿಗೆ ಇದು ಎಚ್ಚರಿಕೆಯಾಯಿತು. ಮರುವರ್ಷವೇ, ಎಂದರೆ 1972ರಲ್ಲಿ, ಬೇಕರ್ ಎಂಬಾತನು ಇಂತಹುದೇ ಪಟ್ಟಿಗಳಾಗಿ ಕೂಡಿದ ರಕ್ತಕಣಗಳು ಬೇಗನೆ ತಳಕ್ಕಿಳಿಯುವುವೆಂಬುದನ್ನು ತೋರಿಸಿದನು. ನಾಳದಲ್ಲಿ ದೋಷವೆನಿಸಿದುದು ಪಾತ್ರೆಯಲ್ಲಿ ಗುಣವೆನಿಸಿತು. ‘ಶೋಧಿಸು’ ಎಂಬ ಮಾತಿಗೆ ಹುಡುಕು, ಸೋಸು ಎಂಬ ಎರಡರ್ಥಗಳೂ ಇರುವುದು ಇಲ್ಲಿ ಸಾರ್ಥಕವಾಗಿದೆ.

1994ರಲ್ಲಿ ಟ್ರಾಂಪ್ಲರ್, ಪಿರೆ ಮೊದಲಾದವರು ಜೀವಕೋಶಗಳನ್ನು ಬೆಳೆಸುವ ಪಾತ್ರೆಗೆ ಶಬ್ದದ ಶೋಧಕವನ್ನು ಜೋಡಿಸಿದರು. ಅದರಲ್ಲಿ ಕಟ್ಟಿಕೊಳ್ಳುವ ಬಟ್ಟೆಯಿಲ್ಲ, ರಂಧ್ರವಿಲ್ಲ. ಶಬ್ದವನ್ನು ನಿಲ್ಲಿಸಿದೊಡನೆ ಗುಂಪುಗೂಡಿದ ಕೋಶಗಳು ಪಾತ್ರೆಗೆ ಹಿಂದಿರುಗುವುವು. ಆದರೆ ತೊಳೆಯುವ ಉಪಾಯವು ಸ್ಪಷ್ಟವಾದುದು ಸ್ವೀಡನ್ನಿನ ಲುಂಡ್ ನಗರದಲ್ಲಿ. ನೀರಿನಲ್ಲಿ ಸೆಕೆಂಡಿಗೆ 20 ಲಕ್ಷ ಕಂಪನಗಳ ಶಬ್ದಕ್ಕೆ ತರಂಗದ ಉದ್ದವು ಸುಮಾರು 0.75 ಮಿಲಿಮೀಟರ್, ಅದರ ಅರ್ಧದಷ್ಟು ಅಗಲದ ಕಾಲುವೆಯನ್ನು ಕೊರೆದರೆ ಒತ್ತಡವಿಲ್ಲದ ನೆಲೆಯು ಸರಿಯಾಗಿ ನಡುವೆ ಬೀಳುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಎರಡು ದ್ರವಗಳು ಕದಡದೆ ಮಗ್ಗುಲು ಮಗ್ಗುಲಾಗಿ ಹರಿಯುತ್ತವೆ. ಪೀಟರ್ಸನ್, ಲಾರೆಲ್ ಮುಂತಾದವರು 2005ರಲ್ಲಿ ಅಂಚಿನ ಮಲಿನ ದ್ರವದಿಂದ ಕಣಗಳನ್ನು ನಡುವಣ ಶುದ್ಧ ದ್ರವಕ್ಕೆ ಶಬ್ದದಿಂದಲೇ ದಾಟಿಸಿದರು. ಹೃದಯದ ಶಸ್ತ್ರಕ್ರಿಯೆಯಲ್ಲಿ ಸೋರಿದ ರಕ್ತದಿಂದ ಕೊಬ್ಬನ್ನು ತೆಗೆಯುವುದೂ ಅವರ ಗುರಿಗಳಲ್ಲೊಂದಾಗಿತ್ತು. ಕೊಬ್ಬು ಉಳಿದ ರಕ್ತವನ್ನು ರೋಗಿಗೆ ಮರಳಿ ಕೊಟ್ಟರೆ ಆ ಹನಿಗಳು ಮಿದುಳಿನ ಸೂಕ್ಷ್ಮನಾಳಗಳನ್ನು ಮುಚ್ಚಬಹುದು.

ಇದಕ್ಕೆ ಮುಂಚಿನಿಂದಲೂ ಈ ಕಾರ್ಯವು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದ್ದು. ಮಗನಿಗೆ ರಕ್ತದ ಅರ್ಬುದವು ತಗುಲಲು ಐ.ಬಿ.ಎಂ. ಸಂಸ್ಥೆಯ ಜಾರ್ಜ್ ಜಡ್ಸನ್ ಎಂಬ ಎಂಜಿನಿಯರು ಅಮೆರಿಕದ ವೈದ್ಯರೊಡನೆ ಶ್ರಮಿಸಿದುದರ ಫಲವಾಗಿ 1965ರಲ್ಲಿ ರಕ್ತಕಣಗಳನ್ನು ಎಡೆಬಿಡದೆ ಬೇರ್ಪಡಿಸುವ ಯಂತ್ರವು ಹೊರಬಂದಿತು. 2017ರಲ್ಲಿ ಅಮೆರಿಕದಲ್ಲಿಯೂ 2023ರಲ್ಲಿ ಭಾರತದಲ್ಲಿಯೂ ಒಪ್ಪಿಗೆ ಪಡೆದ ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಸ್ವಂತ ಬಿಳಿಯ ರಕ್ತಕಣಗಳನ್ನೇ ತೆಗೆದು, ಮಾರ್ಪಡಿಸಿ, ಬೆಳೆಸಿ, ತೊಳೆದು ಹಿಂದಕ್ಕೆ ಕೊಡುತ್ತಾರೆ. ಹಲವು ಬಾರಿ ಚಿಕಿತ್ಸೆಗೊಳಗಾಗಿ ಬಳಲಿದ ದೇಹದಿಂದ ದೊರೆಯುವ ಕಣಗಳು ಸ್ವಲ್ಪವೇ. ತೊಳೆಯುವಲ್ಲಿ ಕಳೆದುಹೋದುದಕ್ಕೆ ಬೇರೊಬ್ಬರ ಕಣವು ಬದಲಾಗಿ ಬಾರದು. ತಳದಲ್ಲಿ ಅದುಮಿ ಮುದ್ದೆಗಟ್ಟಿಸದೆ, ಹರಿಯುವಂತೆಯೇ ತೊಳೆಯುವ ಶಬ್ದದ ಕ್ರಮಕ್ಕೆ ಬೆಲೆ ಬಂದಿರುವುದು ಈ ಕಾರಣದಿಂದ.

ಇಷ್ಟಾದರೂ ಇದರ ಮಿತಿಯನ್ನು ಮರೆಯಲಾಗದು. ಸಾಗುವ ವೇಗವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಕೋಶದ ಹತ್ತನೆಯ ಒಂದು ಪಾಲು ಅಗಲವುಳ್ಳ ಕಣವು ನೂರನೆಯ ಒಂದು ಪಾಲು ವೇಗದಲ್ಲಿ ಮಾತ್ರ ಚಲಿಸುತ್ತದೆ. ಶಬ್ದವನ್ನು ಹೆಚ್ಚಿಸಿದರೆ ದ್ರವವು ಕಾಯುತ್ತದೆ. ಕೂದಲೆಳೆಯ ಕೆಲವು ಪಟ್ಟು ಮಾತ್ರ ಅಗಲವಾದ ಕಾಲುವೆಯಲ್ಲಿ ಲೀಟರುಗಟ್ಟಲೆ ರಕ್ತವನ್ನು ಹರಿಸುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಆದುದರಿಂದ ರಕ್ತನಿಧಿಗಳಲ್ಲಿ ಸೆಂಟ್ರಿಫ್ಯೂಜ್ ಇನ್ನೂ ತಿರುಗುತ್ತಲೇ ಇದೆ.