ಮುದ್ದೆ ಇಳಿಯದ ಕಾಯಿಲೆಗೆ ಹೆಸರು ಸಿಕ್ಕ ಕತೆ

ನಮ್ಮ ಕಡೆ, ಅಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ, ಗಂಟಲಿನ ಕಾಯಿಲೆಯನ್ನು ಮೊದಲು ಪತ್ತೆ ಮಾಡುವುದು ಡಾಕ್ಟರಲ್ಲ, ರಾಗಿ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅನ್ನನಾಳ ಕಿರಿದಾಗತೊಡಗಿದರೆ ಮೊದಲು ನಿಲ್ಲುವುದು ಮುದ್ದೆಯ ತುತ್ತು. ಆಮೇಲೆ ಅನ್ನ, ಆಮೇಲೆ ಅಂಬಲಿ, ಕೊನೆಗೆ ನೀರು. ಆಸ್ಪತ್ರೆಯಲ್ಲಿ ಸುಣ್ಣದ ತಿಳಿಯಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರಲ್ಲ, ಅದೇ ಪರೀಕ್ಷೆ ನಮ್ಮ ಮನೆಗಳಲ್ಲಿ ದಿನಾ ಎರಡು ಹೊತ್ತು ಪುಕ್ಕಟೆ ನಡೆಯುತ್ತಿರುತ್ತದೆ!

ಹೀಗೆ ಮುದ್ದೆ ನಿಂತವರಲ್ಲಿ ಹೆಚ್ಚಿನವರಿಗೆ ಇರುವುದು ಅನ್ನನಾಳದ ಒಳಪದರದಲ್ಲಿ ಹುಟ್ಟುವ ಮಾಮೂಲಿ ಕ್ಯಾನ್ಸರ್. ಕಡ್ಡಿಪುಡಿ, ಬೀಡಿ, ಹೆಂಡ, ಇವುಗಳ ಜೊತೆ ಅದಕ್ಕಿರುವ ನಂಟು ಎಲ್ಲರಿಗೂ ಗೊತ್ತು. ಆದರೆ ತೀರಾ ಅಪರೂಪಕ್ಕೆ ಅದೇ ಜಾಗದಲ್ಲಿ ಬೇರೆಯದೇ ಒಂದು ರೋಗ ಕೂತಿರುತ್ತದೆ. ಅದು ಲಿಂಫೋಮಾ. ಮೈಯನ್ನು ಸೋಂಕಿನಿಂದ ಕಾಯಬೇಕಾದ ಬಿಳಿ ರಕ್ತಕಣಗಳ ಒಂದು ಜಾತಿಯೇ ಕೆಟ್ಟು ಗಡ್ಡೆಯಾಗುವ ಕಾಯಿಲೆ. ಸಾಮಾನ್ಯವಾಗಿ ಕತ್ತು, ಕಂಕುಳು, ತೊಡೆಸಂದಿಯ ಗಂಟುಗಳಲ್ಲಿ ಕಾಣಿಸುತ್ತದೆ. ಅನ್ನ ಸಾಗುವ ದಾರಿಯಲ್ಲಿ ಬಂದರೆ ಹೆಚ್ಚಾಗಿ ಹೊಟ್ಟೆಯಲ್ಲಿ. ಅನ್ನನಾಳದಲ್ಲೇ ಹುಟ್ಟುವುದು ಆ ದಾರಿಯ ಲಿಂಫೋಮಾಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಇಷ್ಟು ಅಪರೂಪದ್ದರ ಬಗ್ಗೆ ಯಾಕೆ ಬರೀತಿದ್ದೀಯ ಅಂತ ನೀವು ಕೇಳಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಒಂದಕ್ಕೆ ಕತ್ತರಿ ಮತ್ತು 'ಕರೆಂಟು' (ರೇಡಿಯೇಷನ್ನಿಗೆ ನಮ್ಮ ಜನ ಹೇಳುವುದೇ ಹಾಗೆ). ಇನ್ನೊಂದು ಡ್ರಿಪ್ಪಿನಲ್ಲಿ ಕೊಡುವ ಔಷಧಕ್ಕೇ ಎಷ್ಟೋ ಸಲ ಕರಗಿಹೋಗುತ್ತದೆ. ಹೆಸರು ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ. ಆ ಹೆಸರು ಹುಟ್ಟಿದ್ದು ಹೇಗೆ, ನಮ್ಮ ಮೂರು ತಾಲ್ಲೂಕಿನ ತನಕ ಬಂದಿದ್ದು ಹೇಗೆ ಅನ್ನುವುದು ಈ ಬರಹ.

ಮೊದಲು ನಮ್ಮೂರಿನ ಭೂಗೋಳ ಸ್ವಲ್ಪ ಹೇಳಬೇಕು. ಇವತ್ತು ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ 1956ರ ನವೆಂಬರ್ 1ರ ತನಕ ಇವೆರಡೂ ಬೇರೆ ಬೇರೆ ರಾಜ್ಯ. ಕೊಳ್ಳೇಗಾಲ (ಹನೂರೂ ಅದರೊಳಗೇ ಇತ್ತು) ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ, ಮೈಸೂರು ಸಂಸ್ಥಾನದ ನೆಲ. ಆ ಮನೆತನದ ಜಹಗೀರುದಾರರಾದ ಪಿ.ಎನ್. ಕೃಷ್ಣಮೂರ್ತಿಯವರು ಮೈಸೂರಿನ ದಿವಾನರಾಗಿದ್ದಾಗಲೇ, 1902ರಲ್ಲಿ, ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ನಮ್ಮ ಪಕ್ಕದಲ್ಲೇ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇರಲಿ...

ಕಾಯಿಲೆ ಬಿದ್ದವನಿಗೆ ಈ ಗಡಿ ದೊಡ್ಡ ವಿಷಯ. ಯಳಂದೂರಿನವನ ಮುಖ ಮೈಸೂರಿನ ದೊಡ್ಡಾಸ್ಪತ್ರೆಯ ಕಡೆಗೆ. ಕೊಳ್ಳೇಗಾಲದವನ ಸರ್ಕಾರ ಮಾತ್ರ ದಿಂಬಂ ಘಾಟಿ ಇಳಿದು ಕೊಯಮತ್ತೂರಿನಲ್ಲಿ, ಅದರಾಚೆ ಮದರಾಸಿನಲ್ಲಿ. ಮದರಾಸಿನಲ್ಲಿ 1934ರಲ್ಲೇ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ಶುರುವಾಯಿತು. 1954ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಹಟದಿಂದ ಅಡಯಾರಿನ ಕ್ಯಾನ್ಸರ್ ಸಂಸ್ಥೆ ಬಂತು. ಕಾಗದದ ಮೇಲೆ ನೋಡಿದರೆ ಕೊಳ್ಳೇಗಾಲದವರು ಆಗ ದೇಶದ ಒಳ್ಳೆಯ ಕ್ಯಾನ್ಸರ್ ಆಸ್ಪತ್ರೆಗಳಿದ್ದ ರಾಜ್ಯದ ಪ್ರಜೆಗಳೇ. ಆದರೆ ನಡುವೆ 400 ಕಿಲೋಮೀಟರಿಗೂ ಹೆಚ್ಚು ದಾರಿ! ಗಡಿ ಬದಲಾಗಿ, 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದ ಮೇಲೆ ನಮ್ಮವರ ಬಾಯಲ್ಲಿ 'ಕಿದ್ವಾಯ್' ಅನ್ನುವುದು ಕಾಯಿಲೆಯ ಇನ್ನೊಂದು ಹೆಸರೇ ಆಯಿತು. "ಅವರನ್ನ ಕಿದ್ವಾಯ್‌ಗೆ ಹಾಕವ್ರಂತೆ" ಅಂದರೆ ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ.

ಇನ್ನು ಅನ್ನನಾಳದ ಒಳಗೆ ನೋಡುವ ವಿಷಯ. ಬಾಯಿಂದ ಹೊಟ್ಟೆಯವರೆಗೆ ಇರುವ ಈ ಕೊಳವೆಯನ್ನು ಬದುಕಿರುವ ಮನುಷ್ಯನಲ್ಲಿ ನೋಡುವುದು ಬಹಳ ಕಾಲ ಯಾರಿಗೂ ಆಗಿರಲಿಲ್ಲ. 1868ರಲ್ಲಿ ಜರ್ಮನಿಯ ಫ್ರೈಬುರ್ಗಿನ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನಿಗೆ ಒಂದು ಉಪಾಯ ಹೊಳೆಯಿತು. ಜಾತ್ರೆಗಳಲ್ಲಿ ಕತ್ತಿ ನುಂಗಿ ತೋರಿಸುವವನೊಬ್ಬನನ್ನು ಕರೆಸಿ, ಕತ್ತಿಯ ಬದಲು ಲೋಹದ ಕೊಳವೆ ನುಂಗಿಸಿದ. ಕೊಳವೆ ಸಲೀಸಾಗಿ ಇಳಿಯಿತು. ಆದರೆ ಒಳಗೆ ಕತ್ತಲೆ, ಸಾಕಷ್ಟು ಬೆಳಕು ಕೊಡುವ ದೀಪ ಆಗ ಇರಲಿಲ್ಲ. ಬಗ್ಗುವ ಗಾಜಿನೆಳೆಗಳ ಎಂಡೋಸ್ಕೋಪ್ ಬಂದಿದ್ದು 1957ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಅದನ್ನು ಮಾಡಿದ ಬೇಸಿಲ್ ಹಿರ್ಷೋವಿಟ್ಜ್ ಮೊದಲು ತನ್ನ ಗಂಟಲಿಗೇ ಇಳಿಸಿಕೊಂಡು ನೋಡಿದ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ!

ನೋಡಿದರೆ ಸಾಕೇ? ಸಾಲದು. ಮಾಮೂಲಿ ಕ್ಯಾನ್ಸರ್ ಒಳಪದರದಲ್ಲೇ ಹುಟ್ಟುವುದರಿಂದ ಹುಣ್ಣಾಗಿ ಕಣ್ಣಿಗೆ ಬೀಳುತ್ತದೆ. ಲಿಂಫೋಮಾ ಅದರ ಅಡಿಯಲ್ಲಿ ಹಬ್ಬುತ್ತದೆ. ಸುಣ್ಣ ಬಳಿದ ಗೋಡೆ ಮೇಲೆ ಚೆನ್ನಾಗಿದ್ದು ಒಳಗೆ ಗೆದ್ದಲು ಹಿಡಿದ ಹಾಗೆ. ಎಂಡೋಸ್ಕೋಪಿನ ಪುಟ್ಟ ಚಿಮಟದಲ್ಲಿ ಕಿತ್ತ ಚೂರು ಎಷ್ಟೋ ಸಲ ಬರೀ ಸುಣ್ಣ! ರಿಪೋರ್ಟಿನಲ್ಲಿ 'ಉರಿಯೂತ, ಕ್ಯಾನ್ಸರ್ ಕಣಗಳಿಲ್ಲ' ಎಂದು ಬರುತ್ತದೆ. ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ, ರೋಗಿ ಮಾತ್ರ ಸಣ್ಣಗಾಗುತ್ತಲೇ ಹೋಗುತ್ತಾನೆ. ಅದಕ್ಕೇ ಅನುಮಾನ ಇದ್ದಲ್ಲಿ ಒಂದೇ ಜಾಗದಿಂದ ಮತ್ತೆ ಮತ್ತೆ, ಆಳಕ್ಕೆ ಹೋಗಿ ಚೂರು ತೆಗೆಯಬೇಕು. ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಕ್ಷಯ. ಎದೆಯೊಳಗಿನ ಗಂಟುಗಳಲ್ಲಿ ಟಿಬಿ ಇದ್ದು ಅವು ಅನ್ನನಾಳವನ್ನು ಒತ್ತಿದರೂ ಮುದ್ದೆ ಇಳಿಯುವುದಿಲ್ಲ. ಕತ್ತಿನ ಗಂಟು ಕಂಡ ಕೂಡಲೇ ಟಿಬಿ ಮಾತ್ರೆ ಶುರುಮಾಡಿ, ತಿಂಗಳುಗಳಾದ ಮೇಲೆ ಅದು ಲಿಂಫೋಮಾ ಎಂದು ತಿಳಿಯುವುದು ಭಾರತದ ವೈದ್ಯರಿಗೆ ಹೊಸದೇನಲ್ಲ. ಎಚ್‌ಐವಿ ಇದ್ದವರಲ್ಲಿ ಲಿಂಫೋಮಾ ಹೆಚ್ಚಾದ್ದರಿಂದ ಆ ಪರೀಕ್ಷೆಯನ್ನೂ ಮಾಡುತ್ತಾರೆ. ಮನೆಯವರು ಅದಕ್ಕೆ ಮುನಿಸಿಕೊಳ್ಳಬೇಕಿಲ್ಲ.

ಹೆಸರಿನ ಕತೆ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್‌ನಿಂದ ಶುರು. 1832ರಲ್ಲಿ ಗಂಟುಗಳೂ ಗುಲ್ಮವೂ ಊದಿ ಸತ್ತ ಏಳು ಜನರ ವಿವರವನ್ನು ಆತ ಬರೆದ. 'ಲಿಂಫೋಮಾ' ಎಂಬ ಪದವನ್ನು ಕ್ಯಾನ್ಸರಿನ ಅರ್ಥದಲ್ಲಿ 1871ರಲ್ಲಿ ಬಳಸಿದವನು ಬಿಲ್‌ರೋತ್ ಎಂಬ ಶಸ್ತ್ರವೈದ್ಯ. 1961ರಲ್ಲಿ ಡಾಸನ್ ಮತ್ತು ಜೊತೆಗಾರರು ಅನ್ನದ ದಾರಿಯಲ್ಲೇ ಹುಟ್ಟಿದ ಲಿಂಫೋಮಾ ಅಂತ ಕರೆಯಬೇಕಾದರೆ ಏನೇನು ಇರಬಾರದು ಅಂತ ಪಟ್ಟಿ ಮಾಡಿದರು. ಹೊರಗೆ ಕೈಗೆ ಸಿಗುವ ಗಂಟು ಇರಬಾರದು, ಎದೆಯ ನಡುವಿನ ಗಂಟುಗಳು ಊದಿರಬಾರದು, ಬಿಳಿಕಣಗಳ ಲೆಕ್ಕ ಸರಿಯಿರಬೇಕು, ಯಕೃತ್ತು ಗುಲ್ಮಗಳಲ್ಲಿ ರೋಗ ಇರಬಾರದು. ಇದು ಮುಖ್ಯ, ಯಾಕೆಂದರೆ ಅನ್ನನಾಳದಲ್ಲಿ ಕಾಣುವ ಲಿಂಫೋಮಾ ಬಹುಪಾಲು ಪಕ್ಕದ ಗಂಟುಗಳಿಂದ ಹಬ್ಬಿ ಬಂದಿದ್ದು. ಕೊನೆಗೆ ಗಟ್ಟಿ ಉತ್ತರ ಕೊಟ್ಟಿದ್ದು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದ ಮೊನೊಕ್ಲೋನಲ್ ಆಂಟಿಬಾಡಿ. ಕಣದ ಮೈಮೇಲಿರುವ ಸಿಡಿ20 ಎಂಬ ಗುರುತನ್ನು ಅದು ಹುಡುಕಿ ಹಿಡಿಯುತ್ತದೆ, ಬಣ್ಣ ಹಾಕಿದರೆ ಆ ಕಣಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಮೇಣದ ಬ್ಲಾಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೆಂಗಳೂರು ಬಸ್ಸು ಹತ್ತಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಒಳಗಿರುವುದು ಏನು ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೋ.

ನಮ್ಮ ಸೋದರಮಾವ ಹನೂರಿನ ಆಚೆಯವರು. 2004ರಲ್ಲಿ ಒಂದು ದಿನ "ಮುದ್ದ ಇಳಿತಿಲ್ಲ ಕಪ್ಪ" ಅಂದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟರು. ಆಶ್ಚರ್ಯ ಅಂದರೆ ನಾಲ್ಕೇ ದಿನದಲ್ಲಿ ಮುದ್ದೆ ಇಳಿಯಿತು! ಮನೆಯಲ್ಲಿ ಹಬ್ಬ. ಒಂದು ತಿಂಗಳಿಗೆ ಮತ್ತೆ ಅದೇ ಕತೆ, ಮತ್ತೆ ಇಂಜೆಕ್ಷನ್. ಅದು ಸ್ಟೀರಾಯ್ಡ್. ಲಿಂಫೋಮಾ ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ಕರಗುತ್ತದೆ. ಆಗ ತೆಗೆದ ಬಯಾಪ್ಸಿಯಲ್ಲಿ ರೋಗ ಸರಿಯಾಗಿ ಕಾಣುವುದೂ ಇಲ್ಲ. ಮೈಸೂರಿನಲ್ಲಿ ಮೊದಲ ಚೂರಿಗೆ 'ಉರಿಯೂತ' ಅಂತ ಬಂತು. ಅಲ್ಲಿನ ವೈದ್ಯರು ಒಪ್ಪದೆ ಇಂಜೆಕ್ಷನ್ ಪೂರ್ತಿ ನಿಲ್ಲಿಸಿ, ಎರಡು ವಾರ ಕಾಯಿಸಿ, ಆಳದಿಂದ ಮತ್ತೆ ತೆಗೆದರು. ಆಗ ಹೆಸರು ಸಿಕ್ಕಿತು. ಅಷ್ಟರಲ್ಲಿ ಮಾವನ ತೂಕ 38 ಕಿಲೋ. ಎರಡನೇ ಡ್ರಿಪ್ ಮುಗಿದ ಮೇಲೆ ಅತ್ತೆ ಪುಟ್ಟ ಮುದ್ದೆ ಕಟ್ಟಿ ಮುಂದಿಟ್ಟರು, ಮಾವ ತಿಂದರು. ಆಮೇಲೆ ಏಳು ವರ್ಷ ಇದ್ದರು. ಹೆಸರು ಗೊತ್ತಿಲ್ಲದ ಕಾಯಿಲೆಗೆ ಸ್ಟೀರಾಯ್ಡ್ ಚುಚ್ಚುವುದು ಅನ್ಯಾಯ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಆ ಡ್ರಿಪ್ಪಿಗೂ ಒಂದು ಚರಿತ್ರೆ ಇದೆ. ಮೊದಲು ಇದ್ದದ್ದು ಕತ್ತರಿ ಒಂದೇ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಎದೆಯೊಳಗಿನ ಅನ್ನನಾಳವನ್ನು ಕ್ಯಾನ್ಸರ್ ಸಮೇತ ತೆಗೆದು, ಮೈಯ ಹೊರಗೆ ರಬ್ಬರ್ ಕೊಳವೆ ಜೋಡಿಸಿದ. ಆ ಹೆಂಗಸು ಆ ಕೊಳವೆಯಲ್ಲೇ ಊಟ ಇಳಿಸಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು.

1942ರ ಆಗಸ್ಟಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಬ್ಬ ರೋಗಿ ಇದ್ದ. ದಾಖಲೆಗಳಲ್ಲಿ ಅವನ ಹೆಸರು ಜೆ.ಡಿ. ಅಂತ ಅಷ್ಟೆ. ಕತ್ತಿನ ಲಿಂಫೋಮಾ ಬೆಳೆದು ನುಂಗುವುದೇ ಕಷ್ಟವಾಗಿತ್ತು. ಕರೆಂಟು ಕೊಟ್ಟದ್ದೂ ಕೆಲಸ ನಿಲ್ಲಿಸಿತ್ತು. ಯುದ್ಧದ ವಿಷಾನಿಲದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಅವನಿಗೆ ಚುಚ್ಚಿದರು. ಯುದ್ಧದ ಗುಟ್ಟಾದ್ದರಿಂದ ಔಷಧದ ಹೆಸರನ್ನೂ ಬರೆಯಲಿಲ್ಲ. ಕೆಲವೇ ದಿನಗಳಲ್ಲಿ ಗಡ್ಡೆ ಇಳಿದು ಅವನು ನುಂಗತೊಡಗಿದ. ರೋಗ ಮರಳಿ ಬಂದು ಡಿಸೆಂಬರಿನಲ್ಲಿ ತೀರಿಹೋದ. ಔಷಧದಿಂದ ಕ್ಯಾನ್ಸರ್ ಕರಗುತ್ತದೆ ಅನ್ನುವುದಕ್ಕೆ ಮೊದಲ ಸಾಕ್ಷಿ ಹೀಗೆ ನುಂಗಲಾರದವನೊಬ್ಬನಿಂದಲೇ ಸಿಕ್ಕಿತು.

ಇನ್ನೊಂದು ಔಷಧ ನಿಮ್ಮ ಅಂಗಳದಲ್ಲೇ ಇರಬಹುದು. ನಿತ್ಯಪುಷ್ಪ, ಕಾಶಿಕಣಗಿಲೆ ಅಂತೀವಲ್ಲ, ಅದೇ. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆಂದು ಕೇಳಿ ಕೆನಡಾದ ರಾಬರ್ಟ್ ನೋಬಲ್ ಪರೀಕ್ಷೆ ಮಾಡಿದ. ಸಕ್ಕರೆ ಇಳಿಯಲಿಲ್ಲ, ಬಿಳಿಕಣ ಇಳಿಯಿತು! ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದರಿಂದ ವಿನ್‌ಬ್ಲಾಸ್ಟಿನ್ ತೆಗೆದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಾಗಂತ ಎಲೆ ಅರೆದು ಕುಡಿಯಬೇಡಿ ಮಾರಾಯ್ರೆ, ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು, ಗಿಡದಲ್ಲಿ ವಿಷವೂ ಇದೆ. ಇದರ ಜೊತೆ ಮಸ್ಟರ್ಡಿನ ವಂಶದ ಸೈಕ್ಲೋಫಾಸ್ಫಮೈಡ್, ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಕೆಂಪು ಔಷಧ ಡಾಕ್ಸೋರೂಬಿಸಿನ್, ಮತ್ತು ಸ್ಟೀರಾಯ್ಡ್ ಸೇರಿದರೆ 1970ರ ದಶಕದ 'ಚಾಪ್' ಚಿಕಿತ್ಸೆ. ಮೂರು ವಾರಕ್ಕೊಂದರಂತೆ ಸಾಮಾನ್ಯವಾಗಿ ಆರು ಸಲ. ಇದಕ್ಕಿಂತ ದುಬಾರಿಯಾದ ಹೊಸ ಮಿಶ್ರಣಗಳು ಹೆಚ್ಚೇನೂ ಗೆಲ್ಲಿಸುವುದಿಲ್ಲ ಅಂತ 1993ರ ಒಂದು ದೊಡ್ಡ ಅಧ್ಯಯನ ತೋರಿಸಿತು. ನಮ್ಮಂಥವರಿಗೆ ಅದು ಸಿಹಿಸುದ್ದಿ.

ಅನ್ನನಾಳದಲ್ಲಿ ಒಂದು ಅಪಾಯ ಬೇರೆ ಇದೆ. ಗಡ್ಡೆ ಗೋಡೆಯನ್ನೇ ತಿಂದಿದ್ದರೆ, ಅದು ಬೇಗ ಕರಗಿದಾಗ ಅಲ್ಲಿ ತೂತು ಬೀಳಬಹುದು. ಮೊದಲ ಡ್ರಿಪ್ಪಿಗೆ ಆಸ್ಪತ್ರೆಯಲ್ಲೇ ಇರಿ ಅಂದರೆ ದುಡ್ಡಿನ ಆಸೆಗೆ ಅಂದುಕೊಳ್ಳಬಾರದು.

1997ರಲ್ಲಿ ಅಮೆರಿಕದಲ್ಲಿ ರಿಟುಕ್ಸಿಮ್ಯಾಬ್ ಬಂತು, ಸಿಡಿ20 ಗುರುತನ್ನೇ ಹುಡುಕಿಕೊಂಡು ಹೋಗುವ ಔಷಧ. 2002ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಅದನ್ನು ಚಾಪ್ ಜೊತೆ ಕೊಟ್ಟಾಗ ವಯಸ್ಸಾದವರೂ ಹೆಚ್ಚು ಮಂದಿ ಬದುಕುಳಿದರು. ಮಾವನ ಕಾಲಕ್ಕೆ ಅದರ ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರದೇ ದೇಶಿ ರೂಪವನ್ನು ತಂದ ಮೇಲೆ ಬೆಲೆ ಇಳಿಯತೊಡಗಿತು.

ದುಡ್ಡಿನ ಕಡೆಯೂ ಕೆಲವು ಬದಲಾವಣೆ ಆಗಿವೆ. 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕಾರ್ಡಿನವರಿಗೆ ಕ್ಯಾನ್ಸರ್ ಚಿಕಿತ್ಸೆ ಕೊಡಿಸಿತು. 2018ರಿಂದ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗೆ ಸೇರಿತು. 2016ರಲ್ಲಿ ಚಾಮರಾಜನಗರಕ್ಕೆ ಮೆಡಿಕಲ್ ಕಾಲೇಜು ಬಂತು. ಆದರೆ ಯಾವ ಯೋಜನೆಯೇ ಇರಲಿ, ಕ್ಯಾನ್ಸರಿಗೆ ಹಣ ಮಂಜೂರಾಗಬೇಕಾದರೆ ಮೊದಲು ಬಯಾಪ್ಸಿ ರಿಪೋರ್ಟು ಕೈಯಲ್ಲಿರಬೇಕು. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿಲೋಮೀಟರು, ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಮಹದೇಶ್ವರ ಬೆಟ್ಟದ ಆಚೆಯ ಹಳ್ಳಿಯವರಿಗೆ ಮೊದಲು ಕೊಳ್ಳೇಗಾಲ ತಲುಪುವುದಕ್ಕೇ ಅರ್ಧ ದಿನ ಬೇಕು, ಎರಡನೇ ಬಯಾಪ್ಸಿಗೆ ಬನ್ನಿ ಅಂದರೆ ಇನ್ನೊಂದು ದಿನದ ಕೂಲಿಯೂ ಹೋಗುತ್ತದೆ.