ಸೋಂಕು ತಗುಲದ ಮಜೆಂಗೊ ಮಹಿಳೆಯರು

ನೈರೋಬಿಯ ಪುಮ್ವಾನಿ ಭಾಗದಲ್ಲಿ ಮಜೆಂಗೊ ಎಂಬ ಕೊಳೆಗೇರಿ ಇದೆ. 1985ರಲ್ಲಿ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರ ದೀರ್ಘಕಾಲದ ಅಧ್ಯಯನವೊಂದು ಆರಂಭವಾಯಿತು. ಅದರ ಹಿಂದೆ ಕೆನಡಾದ ವೈದ್ಯ ಫ್ರಾಂಕ್ ಪ್ಲಮರ್, ಕೆನ್ಯಾದ ನರ್ಸ್ ಎಲಿಜಬೆತ್ ಎನ್ಗುಗಿ ಮೊದಲಾದವರಿದ್ದರು. ವೈದ್ಯರ ಗಮನ ಮೊದಲಿಗೆ ಇದ್ದದ್ದು ಗೊನೋರಿಯಾ, ಶ್ಯಾಂಕ್ರಾಯ್ಡ್‌ನಂಥ ಹಳೆಯ ಕಾಯಿಲೆಗಳ ಮೇಲೆ. ಆದರೆ ರಕ್ತ ಪರೀಕ್ಷೆ ಮಾಡಿಸಿದಾಗ, ಬಡ ಮಹಿಳೆಯರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿಗೆ ಆಗಲೇ ಎಚ್‌ಐವಿ ತಗುಲಿರುವುದು ತಿಳಿಯಿತು.

ಉಳಿದವರಿಗೂ ಇಂದಲ್ಲ ನಾಳೆ ತಗುಲುತ್ತದೆ ಎಂದೇ ಎಲ್ಲರೂ ಭಾವಿಸಿದ್ದರು. ಹಲವರಿಗೆ ತಗುಲಿತು ಕೂಡ. ಆದರೂ ಕೆಲವರು ವರ್ಷದಲ್ಲಿ ಎರಡು ಬಾರಿಯಂತೆ ಕ್ಲಿನಿಕ್‌ಗೆ ಬಂದು, ರಕ್ತ ಕೊಟ್ಟು, ಪ್ರತಿ ಸಲವೂ ಸೋಂಕಿಲ್ಲ ಎಂಬ ಫಲಿತಾಂಶವನ್ನೇ ಪಡೆದು ಹೋಗುತ್ತಿದ್ದರು.

ಇದು ಬರೀ ಅದೃಷ್ಟವೇ? ಕೀತ್ ಫೌಕ್ ಮತ್ತು ಸಂಗಡಿಗರು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಬಹಳ ಸೊಗಸಾದದ್ದು. 1985ರಿಂದ 1994ರವರೆಗೆ ಸೋಂಕಿಲ್ಲದೆ ಅಧ್ಯಯನಕ್ಕೆ ಸೇರಿದ್ದ 424 ಮಹಿಳೆಯರಲ್ಲಿ 239 ಮಂದಿಗೆ ಸೋಂಕು ತಗುಲಿತ್ತು. ಅದೃಷ್ಟವೊಂದೇ ಕಾರಣವಾಗಿದ್ದರೆ ಉಳಿದವರ ಅಪಾಯ ವರ್ಷದಿಂದ ವರ್ಷಕ್ಕೆ ಒಂದೇ ಸಮನಿರಬೇಕಿತ್ತು. ಲೆಕ್ಕ ಹಾಕಿ ನೋಡಿದರೆ, ವೃತ್ತಿಯಲ್ಲಿ ಹೆಚ್ಚು ಕಾಲ ಸೋಂಕಿಲ್ಲದೆ ಉಳಿದಷ್ಟೂ ಅಪಾಯ ಇಳಿಯುತ್ತಿತ್ತು. ಕಾಂಡೋಮ್ ಬಳಕೆಯ ವ್ಯತ್ಯಾಸದಿಂದಲೂ ಇದನ್ನು ವಿವರಿಸಲು ಆಗಲಿಲ್ಲ.

ಅದೇ ವರ್ಷ ಅಮೆರಿಕ ಮತ್ತು ಯೂರೋಪಿನ ಪ್ರಯೋಗಾಲಯಗಳಿಂದ ಇನ್ನೊಂದು ಸುದ್ದಿ ಬಂತು. ವೈರಸ್ ಜೀವಕೋಶದೊಳಗೆ ಹೋಗಲು ಬಳಸುವ ಸಿಸಿಆರ್5 ಎಂಬ ಬಾಗಿಲಿನ ವಂಶವಾಹಿಯಲ್ಲಿ 32 ಅಕ್ಷರಗಳು ಬಿಟ್ಟುಹೋಗಿದ್ದರೆ, ಮತ್ತು ತಾಯಿ ತಂದೆ ಇಬ್ಬರಿಂದಲೂ ಆ ಲೋಪ ಬಂದಿದ್ದರೆ, ಸೋಂಕು ತಗುಲುವುದು ತೀರಾ ಅಪರೂಪ. ಈ ಅರಿವಿನಿಂದ ಮುಂದೆ ಮಾರಾವಿರಾಕ್ ಎಂಬ ಔಷಧಿಯೂ ಹುಟ್ಟಿತು. ಹಾಗಾಗಿ ನಿಸರ್ಗದತ್ತ ಪ್ರತಿರೋಧ ಎಂದೊಡನೆ ಜಗತ್ತು ಇದನ್ನೇ ನೆನೆಯುತ್ತದೆ. ಆದರೆ ಈ ಲೋಪ ಉತ್ತರ ಯೂರೋಪಿನ ಮೂಲದವರಲ್ಲಿ ಹೆಚ್ಚು, ಆಫ್ರಿಕಾದಲ್ಲಿ ಇಲ್ಲವೆಂಬಷ್ಟು ಕಡಿಮೆ. ಮಜೆಂಗೊದ ಒಗಟಿಗೆ ಅದು ಉತ್ತರವಾಗಲಿಲ್ಲ.

ಉತ್ತರದ ಒಂದು ತುಣುಕು ಆ ಮಹಿಳೆಯರ ಟಿ-ಕೋಶಗಳಲ್ಲಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ, ಸಿಕ್ಕಿತು. ಗ್ಯಾಂಬಿಯಾದ ಮಹಿಳೆಯರಲ್ಲಿ 1995ರಲ್ಲಿ ಕಂಡಿದ್ದನ್ನೇ ಸಾರಾ ರೋಲಂಡ್-ಜೋನ್ಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ನೈರೋಬಿಯಲ್ಲೂ ಕಂಡರು. ಸೋಂಕೇ ಇಲ್ಲದ ಈ ಮಹಿಳೆಯರ ರಕ್ತದಲ್ಲಿ, ವೈರಸ್ ಹೊಕ್ಕ ಕೋಶಗಳನ್ನು ಗುರುತಿಸಿ ಕೊಲ್ಲುವ ಟಿ-ಕೋಶಗಳಿದ್ದವು. ಅಂದರೆ ದೇಹ ವೈರಸ್ಸನ್ನು ಮೊದಲೇ ಎದುರಿಸಿ ಗುರುತಿಟ್ಟುಕೊಂಡಿತ್ತು. ಲಸಿಕೆ ತಯಾರಕರಿಗೆ ಇದಕ್ಕಿಂತ ದೊಡ್ಡ ಆಸೆ ಬೇಕಿರಲಿಲ್ಲ. ಇದೇ ತತ್ತ್ವದ ಲಸಿಕೆಯೊಂದು ಆಕ್ಸ್‌ಫರ್ಡ್ ಮತ್ತು ನೈರೋಬಿಯಲ್ಲಿ ಪ್ರಯೋಗಕ್ಕೆ ಬಂತು. ಅದು ಹುಟ್ಟಿಸಿದ ಪ್ರತಿಕ್ರಿಯೆ ದುರ್ಬಲವಾಗಿತ್ತು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು 2001ರ ವರದಿ. ರೂಪರ್ಟ್ ಕೌಲ್ ಮತ್ತು ಸಂಗಡಿಗರು ಕಂಡಂತೆ, ಪ್ರತಿರೋಧವಿದೆ ಎಂದು ನಂಬಿದ್ದ ಕೆಲವು ಮಹಿಳೆಯರಿಗೂ ಕೊನೆಗೆ ಸೋಂಕು ತಗುಲಿತು. ಅವರಲ್ಲಿ ಸಮಾನವಾಗಿ ಕಂಡದ್ದು, ವೃತ್ತಿಯಿಂದ ಬಿಡುವು ಪಡೆದದ್ದು ಅಥವಾ ಗಿರಾಕಿಗಳನ್ನು ಕಡಿಮೆ ಮಾಡಿದ್ದು. ವೈರಸ್‌ನ ಸಂಪರ್ಕ ತಪ್ಪಿದಾಗ ಕೊಲ್ಲುವ ಕೋಶಗಳ ನೆನಪೂ ಮಾಸಿತೆಂದು ಸಂಶೋಧಕರು ಊಹಿಸಿದರು. ಊರಿಗೆ ಹೋಗಿಯೋ, ಮಗುವನ್ನು ನೋಡಿಕೊಳ್ಳಲೆಂದೋ ನಾಲ್ಕು ದಿನ ಸುಧಾರಿಸಿಕೊಂಡು ಬರುವುದೇ ಅಪಾಯವಾಗುವುದೆಂದರೆ! ‘ಅವರ ಮೈಯಲ್ಲಿ ರೋಗನಿರೋಧಕ ಶಕ್ತಿ ಇದೆ’ ಎಂದು ನಾವು ಕೂಡಿಟ್ಟ ಗಂಟಿನ ಬಗ್ಗೆ ಹೇಳಿದ ಹಾಗೆ ಹೇಳುತ್ತೇವೆ. ಮಜೆಂಗೊದಲ್ಲಿ ಕಂಡದ್ದು ಅಂಥ ಗಂಟಲ್ಲ.

ಆಮೇಲಿನ ಸಂಶೋಧನೆ ಬೇರೆ ದಿಕ್ಕಿಗೆ ಹೊರಳಿತು. ಎಚ್‌ಐವಿ ಸುಲಭವಾಗಿ ಬೆಳೆಯುವುದು ಉದ್ರೇಕಗೊಂಡ ಟಿ-ಕೋಶಗಳಲ್ಲಿ. ಪ್ರತಿರೋಧವುಳ್ಳ ಮಹಿಳೆಯರಲ್ಲಿ ಈ ಕೋಶಗಳು ಹೆಚ್ಚು ಶಾಂತವಾಗಿರುವುದನ್ನು ಫೌಕ್ ಅವರ ತಂಡ ತೋರಿಸಿತು. ವೈರಸ್‌ಗೆ ಬೇರೂರಲು ನೆಲ ಸಿಗದ ಹಾಗೆ. ಆ ಶಾಂತಿಯನ್ನು ಔಷಧಿಯಿಂದ ತರಬಹುದೇ ಎಂದು ನೋಡಲು, ಕೆನ್ಯಾದಲ್ಲಿ ಸೋಂಕಿನ ಅಪಾಯ ಕಡಿಮೆಯಿದ್ದ ಮಹಿಳೆಯರಿಗೆ ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಜನನಾಂಗದ ಒಳಪದರದಲ್ಲಿ ವೈರಸ್ ಗುರಿಯಾಗಿಸುವ ಕೋಶಗಳು ಕಡಿಮೆಯಾದವು. ಸೋಂಕನ್ನೇ ತಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷ್ಯವಲ್ಲ. ಆದರೂ ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಅಗ್ಗದ ಮಾತ್ರೆಯವರೆಗೆ ಈ ಹುಡುಕಾಟವನ್ನು ತಂದು ನಿಲ್ಲಿಸಿದ್ದು, ಮಜೆಂಗೊದ ಮಹಿಳೆಯರು ಮೂವತ್ತು ವರ್ಷ ಬಿಡದೆ ತೋಳು ಚಾಚಿ ಕೊಟ್ಟ ರಕ್ತ.